ಬೋಲ್ಟು ಕೆಳಗೆ ಮಾಡಿಟ್ಟ ಹಬ್

ನಮ್ಮಣ್ಣನನ್ನು ಬೀದಿಯವರೆಲ್ಲ ಮೇಷ್ಟ್ರು ಎಂದು ಕರೆಯುತ್ತಾರೆ. ಅವನು ಶಾಲೆಯ ಮೆಟ್ಟಿಲು ಇಳಿದದ್ದು ಏಳನೇ ತರಗತಿಯಲ್ಲಿ, ಅದೂ ಓಡಿಕೊಂಡು, ಮತ್ತೆ ಹತ್ತಲಿಲ್ಲ. ಹೆಸರು ಬಂದದ್ದು ಅಂಗಿಯ ಜೇಬಿನಲ್ಲಿ ಸದಾ ಇರುವ ಸೀಮೆಸುಣ್ಣದ ತುಂಡಿನಿಂದ. ನಮ್ಮದು ಹಳೆಯ ಕಾರಿನ ಚಕ್ರ, ಹಬ್, ಬೇರಿಂಗು ಮಾರುವ ಅಂಗಡಿ. ಹಳೇ ಸಾಮಾನಿನ ಅಂಗಡಿಗಳು ನಮ್ಮ ಬೀದಿಯಲ್ಲಿ ಹದಿನಾಲ್ಕಿವೆ. ಒಬ್ಬ ಬಾಗಿಲು ಮಾತ್ರ ಮಾರುತ್ತಾನೆ, ಒಬ್ಬ ಗಾಜು, ಇನ್ನೊಬ್ಬ ಸೀಟು. ಸತ್ತ ಕಾರು ಬೀದಿಯ ಒಂದು ತುದಿಯಿಂದ ಒಳಗೆ ಬಂದರೆ ಇನ್ನೊಂದು ತುದಿ ಮುಟ್ಟುವಷ್ಟರಲ್ಲಿ ಅದರ ಮೂಳೆಯೂ ಉಳಿದಿರುವುದಿಲ್ಲ.

ನಾನು ಅವನ ತಮ್ಮ. ನನಗೆ ಕೋಪ ಮೂಗಿನ ತುದಿಯಲ್ಲಿದೆ ಎಂದು ಅಮ್ಮ ಹೇಳುತ್ತಿದ್ದಳು; ಅಣ್ಣನಿಗೆ ಮೂಗೇ ಇಲ್ಲ ಎಂದು ನಾನು ಹೇಳುತ್ತಿದ್ದೆ. ಎದುರಿಗೆ ನಿಂತು ಬೈದರೂ ಬೈಸಿಕೊಂಡು, ಆಮೇಲೆ ಬೈದವನಿಗೇ ಚಹಾ ತರಿಸುವ ಆಸಾಮಿ. ಇಂಥವನು ಹತ್ತೊಂಬತ್ತು ವರ್ಷ ಒಂದೇ ಒಂದು ವಿಷಯ ಅತ್ತಿಗೆಗೆ ಗೊತ್ತಾಗದ ಹಾಗೆ ಕಾಯ್ದ. ಹೆಂಡತಿಗೆ ತಿಳಿಯಬಾರದು, ಅಷ್ಟೇ ಅವನಿಗೆ ಬೇಕಾಗಿದ್ದದ್ದು. ಅದಕ್ಕಾಗಿ ಅವನು ಏನೇನು ಕಳೆದುಕೊಂಡ ಎಂಬುದನ್ನು ಹತ್ತಿರದಿಂದ ನೋಡಿದವನು ನಾನೊಬ್ಬನೇ. ಹಾಗಾಗಿ ನಾನೇ ಹೇಳಬೇಕು.

ಹಬ್ ಎಂದರೇನು ಎಂದು ಗೊತ್ತಿಲ್ಲದವರಿಗೆ ಮೊದಲೇ ಹೇಳಿಬಿಡುತ್ತೇನೆ, ಆಮೇಲೆ ನಡುವೆ ಬಾಯಿ ಹಾಕಬೇಡಿ. ಕಾರಿನ ಚಕ್ರ ತಾನಾಗಿ ನಿಂತಿರುವುದಿಲ್ಲ. ಅಂಗೈಗಿಂತ ಸ್ವಲ್ಪ ಅಗಲವಾದ ಕಬ್ಬಿಣದ ಬಿಲ್ಲೆಯೊಂದರಿಂದ ನಾಲ್ಕು ಬೋಲ್ಟು ಹೊರಚಾಚಿರುತ್ತವೆ. ಚಕ್ರವನ್ನು ಆ ಬೋಲ್ಟುಗಳಿಗೆ ಸಿಕ್ಕಿಸಿ ನಟ್ಟು ಬಿಗಿಯುತ್ತಾರೆ. ಆ ಬಿಲ್ಲೆಯೇ ಹಬ್. ಅದರ ಬೆನ್ನಿಗೆ, ಅದು ಸಲೀಸಾಗಿ ತಿರುಗಲೆಂದು, ಬೇರಿಂಗು. ಗಾಡಿ ಎಷ್ಟೇ ಝಗಮಗ ಅನ್ನಲಿ, ಒಳಗೆ ಕೂತವರ ಜೀವ ಈ ನಾಲ್ಕು ಬಿಲ್ಲೆಗಳ ಮೇಲಿರುತ್ತದೆ. ಬಾಗಿಲು ಮಾರುವವನು ಸೊಟ್ಟ ಬಾಗಿಲು ಕೊಟ್ಟರೆ ಗಾಳಿ ಬರುತ್ತದೆ. ನಾವು ಸೊಟ್ಟ ಹಬ್ ಕೊಟ್ಟರೆ ಕಥೆ ಮುಗಿಯಿತು.

ಇದನ್ನು ಅಣ್ಣನಷ್ಟು ತಿಳಿದವರು ಬೀದಿಯಲ್ಲಿ ಇರಲಿಲ್ಲ. ಹಬ್ ಬಂದರೆ ಮೊದಲು ಎರಡು ಕೈಯಲ್ಲಿ ಹಿಡಿದು ಅಲ್ಲಾಡಿಸುತ್ತಾನೆ. ಆಮೇಲೆ ತಿರುಗಿಸಿ, ಕಿವಿ ಹತ್ತಿರ ತಂದು, ಪಕ್ಕದ ಮನೆಯ ಜಗಳ ಕೇಳಿಸಿಕೊಳ್ಳುವವನ ಹಾಗೆ ಕಣ್ಣು ಮುಚ್ಚುತ್ತಾನೆ. ಬೇರಿಂಗು ಗೊರಗುಟ್ಟಿದರೆ ಅದನ್ನು ಬದಲಾಯಿಸಬಹುದು. ಬಿರುಕು ಬಿಟ್ಟಿದ್ದರೆ ಮಾತ್ರ ಉಪಾಯವಿಲ್ಲ, ಆ ಬಿರುಕು ಬರಿಗಣ್ಣಿಗೆ ಕಾಣುವುದೂ ಇಲ್ಲ. ಅದಕ್ಕೇ ಸೀಮೆಸುಣ್ಣ. ಹಬ್ ಅನ್ನು ಅರ್ಧ ಗಂಟೆ ಸೀಮೆಎಣ್ಣೆಯಲ್ಲಿ ಮುಳುಗಿಸಿಟ್ಟು, ತೆಗೆದು, ಒಣಬಟ್ಟೆಯಲ್ಲಿ ಚೆನ್ನಾಗಿ ಒರೆಸಿ, ಮೈಗೆಲ್ಲ ಸೀಮೆಸುಣ್ಣ ಬಳಿಯುತ್ತಾನೆ. ಬಿರುಕಿದ್ದರೆ ಒಳಗೆ ಇಳಿದ ಎಣ್ಣೆ ಮೆಲ್ಲಗೆ ಹೊರಗೆ ಬರುತ್ತದೆ. ಬಿಳಿಯ ಮೇಲೆ ಕೂದಲಿನಷ್ಟು ತೆಳ್ಳಗಿನ ಒದ್ದೆ ಗೆರೆ ಮೂಡುತ್ತದೆ. ಗೆರೆ ಬಂದ ಹಬ್ ಅನ್ನು ಅವನು ಸತ್ತರೂ ಮಾರುತ್ತಿರಲಿಲ್ಲ.

ಮಾರುವುದಿಲ್ಲ ಸರಿ, ಇಡುವುದೆಲ್ಲಿ? ಹಿತ್ತಲಿನ ಗುಜರಿ ರಾಶಿಗೆ ಎಸೆದರೆ ಯಾರೋ ಆಯ್ದುಕೊಂಡು ಹೋಗಿ, ಒರೆಸಿ, ಬೀದಿಯ ಆ ತುದಿಯಲ್ಲಿ ಮಾರಿಬಿಡುತ್ತಿದ್ದರು. ಅದಕ್ಕೆ ಹಳೇ ಕಬ್ಬಿಣ ಕರಗಿಸುವ ಕುಲುಮೆಯ ಲಾರಿ ಬರುವ ತನಕ ಅಂಗಡಿಯ ಒಳಗೇ, ಮೇಲಿನ ಹಲಗೆಯ ಮೇಲೆ ಒಳ್ಳೆಯವುಗಳ ಜೊತೆಗೇ ಇಡುತ್ತಿದ್ದ. ಒಳ್ಳೆಯದಾದರೆ ಬೋಲ್ಟು ಮೇಲೆ. ಕೆಟ್ಟದ್ದಾದರೆ ಬೋಲ್ಟು ಕೆಳಗೆ, ನಾಲ್ಕು ಕಾಲಿನ ಪುಟ್ಟ ಮಣೆ ಕೂತ ಹಾಗೆ. ಇಷ್ಟೇ ಗುರುತು.

"ಒಂದು ತೊಟ್ಟು ಕೆಂಪು ಬಣ್ಣ ಬಳಿದುಬಿಡಬಾರ್ದಾ?" ಎಂದು ನಾನು ಒಂದು ಸಲ ಕೇಳಿದ್ದೆ.

"ಗಿರಾಕಿ ಕೆಂಪು ನೋಡಿದ್ರೆ ಪಕ್ಕದಲ್ಲಿರೋ ಒಳ್ಳೇದನ್ನೂ ಅನುಮಾನದಿಂದ ನೋಡ್ತಾನೆ ಕಣೋ. ನಮ್ಮಂಗಡೀಲಿ ಕೆಟ್ಟ ಮಾಲಿದೆ ಅಂತ ನಾವೇ ಯಾಕೆ ಡಂಗುರ ಹೊಡೀಬೇಕು? ನಮಗೆ ಗೊತ್ತಿದ್ರೆ ಸಾಕು," ಎಂದ.

ನಮಗೆ ಗೊತ್ತಿತ್ತು. ಕ್ರಮೇಣ ಬೀದಿಗೂ ಗೊತ್ತಾಯಿತು. ಹಬ್ ಮಾರುವ ಇನ್ನಿಬ್ಬರೂ ಇದನ್ನೇ ಕಲಿತರು. ಗೊತ್ತಿಲ್ಲದಿದ್ದದ್ದು ಮನೆಯವರಿಗೆ. ಮನೆ ಎರಡು ಬೀದಿ ಆಚೆ. ಅತ್ತಿಗೆ ಅಂಗಡಿಗೆ ಬರುತ್ತಿರಲಿಲ್ಲ, ಊಟದ ಡಬ್ಬಿ ತರುವವನು ನಾನು. ಹಬ್ ಹೇಗೆ ಇಡುತ್ತೇವೆ ಎನ್ನುವುದನ್ನು ಹೆಂಡತಿಗೆ ಯಾರು ಹೇಳುತ್ತಾರೆ? ಗ್ರೀಸ್ ಕಲೆ ಹೋಗುವುದು ಹೇಗೆ ಎಂದಷ್ಟೇ ಅವರಿಬ್ಬರ ನಡುವೆ ಅಂಗಡಿಯ ಮಾತು.

ಮಾತಿಗೇನೂ ಬರ ಇರಲಿಲ್ಲ, ಹಾಗೆ ತಿಳಿಯಬೇಡಿ. ಅತ್ತಿಗೆ ಮಾತಿನ ಮಲ್ಲಿ. ಬೆಳಿಗ್ಗೆ ಎದ್ದವರು ಹಲ್ಲುಜ್ಜುವ ಮೊದಲೇ ಶುರು ಮಾಡಿದರೆ ಅಣ್ಣ ಚಪ್ಪಲಿ ಮೆಟ್ಟುವ ತನಕ, ಮೆಟ್ಟಿದ ಮೇಲೂ ಗೇಟಿನ ತನಕ. ಅಣ್ಣ ಹೂಂ ಹೂಂ ಎನ್ನುತ್ತ ನಗುತ್ತಿದ್ದ. "ಇವಳ ದನಿ ಒಂದು ದಿನ ಕೇಳ್ದೇ ಹೋದ್ರೆ ನನ್ನ ಕಿವೀಲಿ ಬೇರಿಂಗು ಗೊರಗೊರ ಅಂದಂಗಾಗುತ್ತೆ," ಎಂದು ನನ್ನೆದುರಿಗೇ ಹೇಳಿದ್ದಾನೆ. ನಾನು ಮೇಲಿನ ಮಹಡಿಯಲ್ಲಿದ್ದೆ. ಅವರ ಸಂಸಾರದ ಮಾತೆಲ್ಲ ಮೆಟ್ಟಿಲು ಹತ್ತಿ ನನ್ನ ತನಕ ಬರುತ್ತಿತ್ತು.

ಅತ್ತಿಗೆಗೆ ಒಬ್ಬ ತಮ್ಮನಿದ್ದ. ತಾಯಿ ಬೇಗ ಹೋದದ್ದರಿಂದ ಅತ್ತಿಗೆಯೇ ಸೊಂಟದ ಮೇಲೆ ಹೊತ್ತು ಸಾಕಿದ ತಮ್ಮ. ಊರೂರು ತಿರುಗಿ ಹೊಲಿಗೆ ಮಶೀನು ರಿಪೇರಿ ಮಾಡುತ್ತಿದ್ದ. ಜೇಬು ಅಲ್ಲಾಡಿಸಿದರೆ ದಾರ ಸುತ್ತುವ ಪುಟ್ಟ ಬಾಬಿನ್‌ಗಳು ಗಿಲಿಗಿಲಿ ಎನ್ನುತ್ತಿದ್ದವು, ಅದಕ್ಕೇ ನಾವೆಲ್ಲ ಅವನನ್ನು ಬಾಬಿನ್ ಎಂದೇ ಕರೆದೆವು. ನನ್ನದೇ ವಯಸ್ಸು. ನನ್ನ ಕೋಪಕ್ಕೆ ಹೆದರದೆ ನನ್ನನ್ನು ಗೇಲಿ ಮಾಡುತ್ತಿದ್ದವನು ಅವನೊಬ್ಬ. ಅವನ ಹತ್ತಿರ ಒಂದು ಬಿಳಿ ಕಾರಿತ್ತು. ಬಿಳಿ ಎಂದು ಕಾಗದದಲ್ಲಿತ್ತು, ಕಣ್ಣಿಗೆ ಕಂಡದ್ದು ತುಕ್ಕು.

ಆ ವರ್ಷ ಅಣ್ಣನಿಗೆ ಜ್ವರ ಬಂದು ಶ್ವಾಸಕೋಶಕ್ಕೆ ಇಳಿಯಿತು. ಒಂದು ತಿಂಗಳು ಹಾಸಿಗೆ. ಡಾಕ್ಟರು ಅತ್ತಿಗೆಯನ್ನು ಕರೆದು, ಇವರನ್ನು ಸ್ವಲ್ಪ ದಿನ ದೂಳಿಗೆ ಕಳಿಸಬೇಡಿ ಎಂದರು. ಅತ್ತಿಗೆ ಯೋಚನೆ ಮಾಡಿದರು. ಗಂಡ ಅಂಗಡಿಗೆ ಹೋಗದೆ ಇರುವುದಿಲ್ಲ. ಹಾಗಾದರೆ ಅಂಗಡಿಯಲ್ಲೇ ದೂಳಿಲ್ಲದ ಹಾಗೆ ಮಾಡಿಬಿಟ್ಟರಾಯಿತು. ನಾನು ಒಂದು ಲೋಡು ಚಕ್ರ ತರಲು ಹೋಗಿದ್ದ ದಿನ ಬೀಗದ ಕೈ ತೆಗೆದುಕೊಂಡು ಬಂದು, ಬೆಳಿಗ್ಗೆಯಿಂದ ಸಂಜೆಯ ತನಕ ಒಬ್ಬರೇ ಅಂಗಡಿ ತೊಳೆದರು. ನಾನು ವಾಪಸ್ಸು ಬಂದಾಗ ಸೋಪಿನ ವಾಸನೆ. ಹಲಗೆಗಳಿಗೆಲ್ಲ ಹಳೇ ಪೇಪರು ಹಾಸಿ, ಒಂದೊಂದು ಹಬ್ ಅನ್ನೂ ಬಟ್ಟೆಯಲ್ಲಿ ಒರೆಸಿ, ಸಾಲಾಗಿ, ಶಾಲೆಯ ಮಕ್ಕಳನ್ನು ನಿಲ್ಲಿಸಿದ ಹಾಗೆ ಜೋಡಿಸಿದ್ದರು. ಮುಖಕ್ಕೆಲ್ಲ ಮಸಿ.

"ಹೇಗಿದೆ?" ಎಂದು ಕೇಳಿದರು.

"ಇದೇನು ಅತ್ತಿಗೆ, ಅಂಗಡೀನೋ ಆಸ್ಪತ್ರೇನೋ?" ಎಂದು ನಾನೇ ಹೊಗಳಿದೆ. ಈ ಬಾಯಿಂದಲೇ.

ಮೇಲಿನ ಹಲಗೆಯಲ್ಲಿ ಬೋಲ್ಟು ಕೆಳಗೆ ಮಾಡಿದ್ದ ಹಬ್ ಒಂದೂ ಕಾಣುತ್ತಿಲ್ಲವಲ್ಲ ಎಂದು ನನಗೆ ಹೊಳೆಯಲಿಲ್ಲ. ಅಣ್ಣನಿಗೆ ಜ್ವರ ಬರುವ ಸ್ವಲ್ಪ ಮೊದಲಷ್ಟೇ ಕುಲುಮೆಯ ಲಾರಿ ಬಂದು ಹೋಗಿತ್ತು, ಕೆಟ್ಟ ಮಾಲು ಒಂದೂ ಉಳಿದಿಲ್ಲ ಎಂದೇ ನನ್ನ ಲೆಕ್ಕ. ಜ್ವರ ಏರುವ ಹಿಂದಿನ ದಿನ ಅಣ್ಣ ಒಬ್ಬನೇ ಕೂತು ಪರೀಕ್ಷೆ ಮಾಡಿ ಹೊಸದಾಗಿ ಮೂರನ್ನು ತಲೆಕೆಳಗಾಗಿ ಇಟ್ಟದ್ದು ನನಗೆ ಗೊತ್ತೇ ಇರಲಿಲ್ಲ.

ಎರಡು ದಿನ ಬಿಟ್ಟು ಬಾಬಿನ್ ಬಂದ. "ಎಡಗಡೆ ಮುಂದಿನ ಚಕ್ರ ಹಾಡು ಹೇಳ್ತಿದೆ ಮಾರಾಯಾ. ಅದೂ ಅಪಸ್ವರ," ಎಂದ. ನಾನು ಅವನ ಗಾಡಿಗೆ ಹೊಂದುವ ಹಬ್ ಹುಡುಕಿದೆ. ಮೇಲಿನ ಹಲಗೆಯಲ್ಲಿ ಸಿಕ್ಕಿತು. ಬೋಲ್ಟು ಮೇಲೆ. ತಿರುಗಿಸಿದೆ, ಬೆಣ್ಣೆಯ ಹಾಗೆ ತಿರುಗಿತು. ಸೀಮೆಸುಣ್ಣ ಹಚ್ಚಲಿಲ್ಲ. ಬೋಲ್ಟು ಮೇಲಿದೆ ಎಂದರೆ ಅಣ್ಣ ನೋಡಿದ್ದಾನೆ, ಅಣ್ಣ ನೋಡಿದ್ದಾನೆ ಎಂದರೆ ಮುಗಿಯಿತು. ಪಕ್ಕದ ಗ್ಯಾರೇಜಿನಲ್ಲಿ ಅವತ್ತೇ ಹಾಕಿಸಿಕೊಂಡು, "ಭಾವಂಗೆ ಹೇಳು, ಗಾಡಿ ಈಗ ಮೌನವ್ರತ," ಎಂದು ಕೈ ಬೀಸಿ ಹೋದ.

ಹನ್ನೆರಡನೇ ದಿನ ಇಳಿಜಾರಿನ ತಿರುವೊಂದರಲ್ಲಿ ಆ ಚಕ್ರ ಕಳಚಿಕೊಂಡಿತು. ಕಾರು ಸೇತುವೆಯ ಕಲ್ಲಿಗೆ ಹೊಡೆಯಿತು. ಬಾಬಿನ್ ಅಲ್ಲೇ ಹೋದ. ಜೇಬಿನ ಬಾಬಿನ್‌ಗಳು ರಸ್ತೆ ತುಂಬ ಚೆಲ್ಲಿದ್ದವು. ಬಣ್ಣಬಣ್ಣದ ದಾರ ಬಿಚ್ಚಿಕೊಂಡು ಅಲ್ಲೆಲ್ಲ ಹರಡಿತ್ತು. ಅದನ್ನು ನಾನು ಕಣ್ಣಾರೆ ಕಂಡೆ. ಇವತ್ತಿಗೂ ಹೊಲಿಗೆ ಮಶೀನಿನ ಸದ್ದು ಕೇಳಿದರೆ ನಾನು ಆ ಬೀದಿಯಲ್ಲಿ ನಿಲ್ಲುವುದಿಲ್ಲ.

ಅಣ್ಣ ಹಾಸಿಗೆಯಿಂದೆದ್ದು, ಶಾಲು ಹೊದ್ದು ಬಂದ. ಎಲ್ಲರೂ ದೇಹದ ಸುತ್ತ ಇದ್ದಾಗ ಅವನು ಕಾರಿನ ಪಕ್ಕ ಕೂತು ಮುರಿದ ಹಬ್ ನೋಡುತ್ತಿದ್ದ. ಹೊಸದಾಗಿ ಮುರಿದ ಕಬ್ಬಿಣ ಹೊಳೆಯುತ್ತದೆ. ಹಳೇ ಬಿರುಕು ಇದ್ದ ಜಾಗ ಮಾತ್ರ ಕಪ್ಪಗಿರುತ್ತದೆ. ಎರಡನೇ ಬೋಲ್ಟಿನ ಬುಡದಿಂದ ಅಂಚಿನ ತನಕ ಕಪ್ಪಗಿತ್ತು. ಆ ಗೆರೆ ಅವನಿಗೆ ಪರಿಚಯದ್ದು. ಜ್ವರದ ಹಿಂದಿನ ದಿನ ಬಿಳಿಯ ಮೇಲೆ ಮೂಡಿದ್ದನ್ನು ಅವನೇ ನೋಡಿದ್ದ.

ಅಲ್ಲಿಂದ ನೆಟ್ಟಗೆ ಅಂಗಡಿಗೆ ಬಂದ. ನಾನೂ ಹಿಂದೆ ಬಂದೆ. ಬಾಗಿಲು ತೆಗೆದವನು ಹಾಸಿದ ಪೇಪರು ನೋಡಿದ, ಸಾಲು ನೋಡಿದ, ಎಲ್ಲ ಬೋಲ್ಟುಗಳೂ ಆಕಾಶ ನೋಡುತ್ತಿದ್ದುದನ್ನು ನೋಡಿದ.

"ಯಾರು ಒರೆಸಿದ್ದು?"

"ಅತ್ತಿಗೆ."

ಅವನು ನೆಲದ ಮೇಲೇ ಕೂತುಬಿಟ್ಟ. ನನಗೆ ಅರ್ಥವಾಗಲು ಇನ್ನೂ ಒಂದು ನಿಮಿಷ ಬೇಕಾಯಿತು. ನಾನು ಮಾರಿದೆ, ನಾನು ಸುಣ್ಣ ಹಚ್ಚಲಿಲ್ಲ ಎಂದು ಏನೇನೋ ಬಡಬಡಿಸಿದೆ. ಅವನು ನನ್ನ ಮಾತು ಕೇಳಿಸಿಕೊಂಡ ಹಾಗೆ ಕಾಣಲಿಲ್ಲ.

"ಕೇಳಿಲ್ಲಿ," ಎಂದ ಕೊನೆಗೆ. "ಅದನ್ನ ಬಾಬಿನ್‌ಗೆ ಅಂತ ತೆಗೆದಿಟ್ಟಿದ್ದು ನಾನು. ಪರೀಕ್ಷೆ ಮಾಡದೇ ಇಟ್ಟೆ. ನೀನು ನಾನು ಹೇಳಿದ್ದನ್ನ ಎತ್ತಿಕೊಟ್ಟೆ ಅಷ್ಟೇ. ಗೊತ್ತಾಯ್ತಾ?"

"ಸುಳ್ಳು ಯಾಕೆ ಅಣ್ಣ? ಅವ್ರು ಬೇಕು ಅಂತ ಮಾಡಿದ್ದಲ್ವಲ್ಲ. ಬಿಡಿಸಿ ಹೇಳಿದ್ರೆ..."

"ಬಿಡಿಸಿ ಹೇಳಿದ್ರೆ ಅವಳು ಬದುಕಲ್ಲ ಕಣೋ. ಸೊಂಟದ ಮೇಲೆ ಹೊತ್ತು ಸಾಕಿದ್ದಾಳೆ ಅವನನ್ನ. ನನ್ನ ಮೇಲಿನ ಸಿಟ್ಟಲ್ಲಾದ್ರೂ ಬದುಕ್ಲಿ."

ಆಮೇಲೆ ಹಿತ್ತಲಿನಿಂದ ದೊಡ್ಡ ಸುತ್ತಿಗೆ ತಂದ. ಅತ್ತಿಗೆ ನೆಟ್ಟಗೆ ಮಾಡಿಟ್ಟಿದ್ದ ಇನ್ನೆರಡು ಬಿರುಕಿನ ಹಬ್ ಯಾವುವು ಎಂದು ಅವನಿಗೆ ಗೊತ್ತಿತ್ತು. ಎರಡನ್ನೂ ಅಂಗಳದ ಕಲ್ಲಿನ ಮೇಲಿಟ್ಟು ತುಂಡು ಮಾಡಿದ. ಜ್ವರ ಇಳಿಯದ ಮೈ, ಒಂದೊಂದು ಏಟಿಗೂ ಕೆಮ್ಮುತ್ತಿದ್ದ. ಅಂದಿನಿಂದ ನಮ್ಮ ಅಂಗಡಿಯಲ್ಲಿ ಹಬ್ ತಲೆಕೆಳಗಾಗಿ ಇಡುವ ಪದ್ಧತಿ ನಿಂತಿತು. ಗೆರೆ ಬಂದರೆ ಅವತ್ತೇ ಸುತ್ತಿಗೆ.

ಅತ್ತಿಗೆಗೆ ಅವನೇ ಹೋಗಿ ಹೇಳಿದ. ಅತ್ತಿಗೆ ಕಿರುಚಲಿಲ್ಲ. "ದಾರೀಲಿ ಹೋಗೋ ಜನಕ್ಕೆಲ್ಲ ನೋಡಿ ನೋಡಿ ಕೊಡ್ತೀರಿ. ನನ್ನ ತಮ್ಮನಿಗೆ ನೋಡೋಕೆ ನಿಮಗೆ ಆಗ್ಲಿಲ್ವಾ?" ಎಂದರು. ಅದೇ ಕೊನೆ. ಆಮೇಲೆ ಹತ್ತೊಂಬತ್ತು ವರ್ಷ ಅತ್ತಿಗೆ ಅಣ್ಣನ ಜೊತೆ ಒಂದು ಮಾತೂ ಆಡಲಿಲ್ಲ.

ಸುಮ್ಮನೆ ಹೇಳುತ್ತಿಲ್ಲ. ಒಂದು ಮಾತು ಎಂದರೆ ಒಂದು ಮಾತು. ಮನೆ ಬಿಟ್ಟು ಹೋಗಲಿಲ್ಲ, ಮಗಳಿಗೆ ಆಗ ಆರು ವರ್ಷ. ಅಡುಗೆ ಮಾಡಿದರು, ಬಟ್ಟೆ ಒಗೆದರು, ಜ್ವರ ಬಂದರೆ ಮಾತ್ರೆ ತಂದು ಮೇಜಿನ ಮೇಲಿಟ್ಟರು. ಹೇಳುವುದಿದ್ದರೆ ಮಗಳ ಮೂಲಕ: "ನಿಮ್ಮಪ್ಪಂಗೆ ಹೇಳು, ನೀರು ಕಾದಿದೆ ಅಂತ." ಮಗಳು ಶಾಲೆಗೆ ಹೋಗಿದ್ದರೆ ನಾನು ಅಂಚೆಯವನು. ಮೂರು ಅಡಿ ದೂರ ಕೂತ ಅಣ್ಣನಿಗೆ ನಾನು, "ನೀರು ಕಾದಿದೆಯಂತೆ," ಎನ್ನಬೇಕು. ಅವನು, "ಸರಿ ಅನ್ನು," ಎನ್ನಬೇಕು. ಮೊದಮೊದಲು ನಗು ಬರುತ್ತಿತ್ತು, ಆಮೇಲೆ ಮೈ ಉರಿಯುತ್ತಿತ್ತು.

ನನ್ನನ್ನು ಮಾತ್ರ ಅತ್ತಿಗೆ ಮೊದಲಿನ ಹಾಗೇ ನೋಡಿಕೊಂಡರು. ಪಾಪ, ನೀನೇನು ಮಾಡ್ತೀಯ, ಅವ್ರು ಹೇಳಿದ್ದನ್ನ ಕೊಟ್ಟೆ ಎಂದು ತಟ್ಟೆಗೆ ಎರಡು ಸಲ ಬಡಿಸುತ್ತಿದ್ದರು. ಬಾಬಿನ್ ನೆನಪು ಮಾಡಿಕೊಂಡು ಅತ್ತದ್ದೂ ನನ್ನೆದುರಿಗೇ. ಅವನಿಗೆ ಆ ಹಬ್ ಎತ್ತಿಕೊಟ್ಟ ಕೈಯಿಂದಲೇ ನಾನು ಉಂಡೆ. ಎಷ್ಟೋ ಸಲ ಹೇಳಿಬಿಡೋಣ ಎನ್ನಿಸುತ್ತಿತ್ತು. ಅಣ್ಣ ನನ್ನ ಮುಖ ನೋಡಿಯೇ ಗುರುತು ಹಿಡಿದು, ಜೇಬಿನ ಸೀಮೆಸುಣ್ಣ ಮುಟ್ಟಿಕೊಂಡು ತಲೆ ಅಲ್ಲಾಡಿಸುತ್ತಿದ್ದ. ನಾನು ಬಾಯಿಗೆ ಬೀಗ ಹಾಕಿಕೊಳ್ಳುತ್ತಿದ್ದೆ. ಹೇಡಿಗೆ ಬೀಗ ಸಿಕ್ಕರೆ ಬೇಡ ಎನ್ನುತ್ತಾನೆಯೇ?

ಅಣ್ಣ ಸಂಜೆ ಹೊತ್ತು ಅಡುಗೆಮನೆಯ ಆಚೆಯ ಗೋಡೆಗೆ ಒರಗಿ ಕೂರುತ್ತಿದ್ದ. ಒಳಗೆ ಅತ್ತಿಗೆ ಮಗಳ ಜೊತೆ ಮಾತಾಡುವುದು ಅಲ್ಲಿಗೆ ಕೇಳುತ್ತದೆ. ಒಂದು ದಿನ, "ಇಲ್ಯಾಕೆ ಕೂತಿದ್ದೀಯ, ಸೊಳ್ಳೆ," ಎಂದೆ. "ಸುಮ್ನಿರು, ಕೇಳಿಸ್ತಿಲ್ಲ," ಎಂದ.

ಹೀಗೇ ಮಗಳಿಗೆ ಇಪ್ಪತ್ತೈದಾಯಿತು. ಹಲ್ಲಿನ ಆಸ್ಪತ್ರೆಯಲ್ಲಿ ಕೆಲಸ. ಊರಾಚೆಗೆ ಹೋಗಿ ಬರಬೇಕೆಂದು ಒಂದು ಹಳೇ ನೀಲಿ ಕಾರು ಕೊಂಡಳು. ಅತ್ತಿಗೆ ಎರಡು ದಿನ ಉಪವಾಸ ಕೂತರೂ ಕೊಂಡಳು. ಅವಳದು ನನ್ನ ಕೋಪ, ಅಣ್ಣನ ಹಟ. ಮೊದಲ ವಾರವೇ ಅವಳು ಗಾಡಿ ತಂದು ಗೇಟಿನ ಹತ್ತಿರ ನಿಲ್ಲಿಸುವಾಗ ಅಣ್ಣ ಜಗುಲಿಯಿಂದಲೇ ಕಿವಿ ನೆಟ್ಟಗೆ ಮಾಡಿದ.

"ಎಡಗಡೆ ಮುಂದಿನದು. ಬೇರಿಂಗು ಹೋಗಿದೆ. ಹಬ್ಬೇ ಬದಲಾಯಿಸ್ಬೇಕು. ರಿಮ್ಮೂ ಸ್ವಲ್ಪ ಸೊಟ್ಟ ಇದೆ," ಎಂದ. ಅದೇ ಎಡಗಡೆ, ಅದೇ ಮುಂದೆ.

ಒಳಗಿನಿಂದ ಅತ್ತಿಗೆಯ ದನಿ ನನ್ನನ್ನು ಕರೆಯಿತು. "ನನ್ನ ಮಗಳ ಗಾಡಿಗೆ ಆ ಅಂಗಡಿ ಸಾಮಾನು ಬೇಡ. ಆ ಕೈ ಮುಟ್ಟಿದ್ದು ಬೇಡ. ನೀನು ಜೊತೆಗೆ ಬಾ. ಬೇರೆ ಕಡೆ ನೋಡಿ ತಗೊಳ್ಳೋಣ. ನಾನೂ ಬರ್ತೀನಿ."

ಅಣ್ಣನಿಗೆ ಕೇಳಿಸಿತು. ಕೇಳಲಿ ಎಂದೇ ಹೇಳಿದ್ದು. ಅವನು ಎದ್ದು ಬಂದು ಜೇಬಿನ ಸೀಮೆಸುಣ್ಣ ತೆಗೆದು ನನ್ನ ಅಂಗೈಯಲ್ಲಿಟ್ಟ. "ಅರ್ಧ ಗಂಟೆ ಎಣ್ಣೇಲಿ ಬಿಡು. ಅವಸರ ಮಾಡ್ಬೇಡ. ನಿನ್ನ ಕಾಲಿಗೆ ಬೀಳ್ತೀನಿ, ಅವಸರ ಮಾಡ್ಬೇಡ," ಎಂದ.

ಮಾರನೇ ದಿನ ಬೆಳಿಗ್ಗೆ ಮೂವರೂ ಹೊರಟೆವು. ಬೀದಿಯ ಆ ತುದಿಯಲ್ಲಿ ಗಡ್ಡ ಎನ್ನುವವನ ಅಂಗಡಿಯಿದೆ. ಅಣ್ಣನ ಹತ್ತಿರವೇ ನಾಲ್ಕು ವರ್ಷ ಕೆಲಸ ಕಲಿತು, ಬಾಬಿನ್ ಹೋಗುವ ಮೊದಲೇ ಸ್ವಂತ ಅಂಗಡಿ ಮಾಡಿಕೊಂಡವನು. ಮುಂಚಿತವಾಗಿ ಅವನನ್ನು ಕಂಡು ಒಂದು ಮಾತು ಹೇಳಿಡಬೇಕಿತ್ತು. ನನ್ನ ತಲೆಗೆ ಬರಲಿಲ್ಲ. ಅಣ್ಣ ಹತ್ತೊಂಬತ್ತು ವರ್ಷ ಕಾಯ್ದ ಬಾಗಿಲಿಗೆ ನಾನೇ ಅತ್ತಿಗೆಯನ್ನು ಕೈ ಹಿಡಿದು ಕರೆದುಕೊಂಡು ಹೋದೆ.

ಟೈರು ಕೂರುವ ರಿಮ್ ಮೊದಲು ನೋಡಿದೆವು. ಸಿಮೆಂಟು ನೆಲದ ಮೇಲೆ ಉರುಳಿಸಿ, ಕುಂಟುತ್ತದೆಯೋ ಎಂದು ನೋಡಬೇಕು. ನಾಲ್ಕನ್ನು ಉರುಳಿಸಿ ಒಂದನ್ನು ಆರಿಸಿದೆವು. ನಡುವಿನ ತೂತು ಹಬ್‌ನ ಮೂತಿಗೆ ಸರಿಯಾಗಿ ಕೂರಬೇಕು, ಸಡಿಲವಿದ್ದರೆ ನಟ್ಟು ಎಷ್ಟು ಬಿಗಿದರೂ ನಡುಗುತ್ತದೆ ಎಂದು ಮಗಳಿಗೆ ಹೇಳಿಕೊಟ್ಟೆ. "ಚಿಕ್ಕಪ್ಪ, ಹಲ್ಲು ಕೂರಿಸೋದೂ ಹೀಗೇನೇ," ಎಂದು ನಕ್ಕಳು. ಗಡ್ಡ ಒಂದು ಹಬ್ ಕೊಟ್ಟ. ನಾನು ಅಲ್ಲಾಡಿಸಿ, ತಿರುಗಿಸಿ, ಕಿವಿಗೆ ಹಿಡಿದು, ಸೀಮೆಎಣ್ಣೆಯ ಡಬ್ಬಕ್ಕೆ ಇಳಿಸಿ ಗಡಿಯಾರ ನೋಡಿಕೊಂಡು ಕೂತೆ.

ಅರ್ಧ ಗಂಟೆ ಸುಮ್ಮನೆ ಕೂರುವ ಜೀವವಲ್ಲ ಅತ್ತಿಗೆಯದು. ಎದ್ದು ಅಂಗಡಿ ನೋಡುತ್ತ ಓಡಾಡಿದರು. ಒಂದು ಚಕ್ರದ ಮೇಲಿನ ದೂಳನ್ನು ಬೆರಳಿನಿಂದ ತೆಗೆದು ಮೂಗು ಮುರಿದರು. ಆಮೇಲೆ ಮೂಲೆಯ ಹಲಗೆಯ ಹತ್ತಿರ ನಿಂತರು. ಅಲ್ಲಿ ಎರಡು ಹಬ್ ಇದ್ದವು, ಬೋಲ್ಟು ಕೆಳಗೆ.

ನಾನು ನೋಡಿದೆ. ಬಾಯಿ ತೆರೆದೆ. ಅಷ್ಟರಲ್ಲಿ ಅತ್ತಿಗೆಯ ಕೈ ಹೋಗಿತ್ತು. "ಹೀಗಿಟ್ರೆ ಬೋಲ್ಟು ಚುಚ್ಚಿ ಹಲಗೆ ಹಾಳಾಗುತ್ತಪ್ಪ," ಎನ್ನುತ್ತ ಒಂದನ್ನು ಎತ್ತಿ ನೆಟ್ಟಗೆ ಇಟ್ಟು, ಇನ್ನೊಂದಕ್ಕೆ ಕೈ ಹಾಕಿದರು.

"ಅಯ್ಯೋ ಅಕ್ಕ, ಮುಟ್ಬೇಡಿ!" ಎಂದು ಗಡ್ಡ ಓಡಿ ಬಂದ. "ಅದು ಬಿರುಕು ಬಿಟ್ಟಿದ್ದು. ಬೋಲ್ಟು ಕೆಳಗಿದ್ರೆ ಮಾರೋ ಹಾಗಿಲ್ಲ ಅಂತ ಲೆಕ್ಕ. ನೀವು ನೆಟ್ಟಗೆ ಮಾಡಿದ್ರೆ ನಾನು ಒಳ್ಳೇದು ಅಂದ್ಕೊಂಡು ಯಾರಿಗಾದ್ರೂ ಕೊಟ್ಟುಬಿಡ್ತೀನಿ, ಜೀವ ಹೋಗುತ್ತೆ." ಎತ್ತಿ ಮತ್ತೆ ತಲೆಕೆಳಗೆ ಮಾಡಿದ. ಆಮೇಲೆ ನಗುತ್ತ, "ನಿಮಗೆ ಗೊತ್ತಿಲ್ವಾ? ಇದು ಮೇಷ್ಟ್ರು ಮಾಡಿದ ಪದ್ಧತಿ. ನಾನು ಅವ್ರ ಹತ್ರ ಕೆಲಸಕ್ಕೆ ಸೇರಿದ ಮೊದಲ ದಿನ ಕಲಿಸಿದ್ದೇ ಇದು," ಎಂದ.

ಅತ್ತಿಗೆಯ ಕೈ ಗಾಳಿಯಲ್ಲೇ ನಿಂತಿತ್ತು. ನನ್ನ ಕಡೆ ತಿರುಗಿ ನೋಡಿದರು. ನಾನು ಸುಳ್ಳು ಹೇಳಬೇಕಿತ್ತು. ಇದು ಆಮೇಲೆ ಶುರುವಾದದ್ದು ಅತ್ತಿಗೆ ಎಂದರೆ ಸಾಕಿತ್ತು. ಹೇಡಿಯಾಗಿ ಹತ್ತೊಂಬತ್ತು ವರ್ಷ ಬಾಳಿದವನು ಆ ಒಂದು ಗಳಿಗೆ ಹೇಡಿಯಾಗಲೂ ಕೈಲಾಗದೆ ತಲೆ ತಗ್ಗಿಸಿದೆ.

ಅವರು ಸ್ಟೂಲಿನ ಮೇಲೆ ಕೂತು ಕೈಯನ್ನು ಮಡಿಲಲ್ಲಿಟ್ಟುಕೊಂಡು ಅದನ್ನೇ ನೋಡುತ್ತಿದ್ದರು. ನಾನು ಹಬ್ ತೆಗೆದು ಒರೆಸಿ ಸೀಮೆಸುಣ್ಣ ಬಳಿದೆ. ಗೆರೆ ಬರಲಿಲ್ಲ. ಮಗಳಿಗೆ ಏನೂ ತಿಳಿಯದು, "ಚೆನ್ನಾಗಿದೆ ಅಲ್ವಾ ಅಮ್ಮ?" ಎಂದಳು. "ಹೂಂ, ಚೆನ್ನಾಗಿದೆ," ಎಂದರು. ಮಗಳನ್ನು ಗಾಡಿಯ ಜೊತೆ ಗ್ಯಾರೇಜಿನಲ್ಲಿ ಬಿಟ್ಟೆವು. ಅತ್ತಿಗೆ ಮನೆಯ ಕಡೆ ಒಬ್ಬರೇ ನಡೆದರು. ಜೊತೆಗೆ ಬರುತ್ತೇನೆ ಎಂದೆ, ಬೇಡ ಎಂದು ಕೈಯಾಡಿಸಿದರು.

ನಾನು ನಮ್ಮಂಗಡಿಗೆ ಬಂದೆ. ಅಣ್ಣ ಬಾಗಿಲಲ್ಲೇ ನಿಂತಿದ್ದ. "ಗೆರೆ ಬಂತಾ?"

"ಇಲ್ಲ. ಕ್ಲೀನಾಗಿತ್ತು."

"ಪೂರ್ತಿ ಅರ್ಧ ಗಂಟೆ ಇಟ್ಯಾ?"

"ಇಟ್ಟೆ ಕಣೋ ಮಾರಾಯಾ."

ಅವನು ಖುಷಿಯಾಗಿ ಒಳಗೆ ಹೋದ. ಏನೋ ಗುನುಗುತ್ತ ಬೇರಿಂಗಿಗೆ ಗ್ರೀಸ್ ತುಂಬತೊಡಗಿದ. ಹೇಳಲೇ ಬೇಡವೇ ಎಂದು ನಾನು ಒಳಗೂ ಹೊರಗೂ ಹತ್ತು ಸಲ ಓಡಾಡಿದೆ. ಅವನ ಗುನುಗು ನಿಲ್ಲಿಸುವ ಧೈರ್ಯ ನನಗಾಗಲಿಲ್ಲ.

ಊಟದ ಹೊತ್ತಿಗೆ ಡಬ್ಬಿ ತರಲು ನಾನು ಏಳಬೇಕು ಎನ್ನುವಷ್ಟರಲ್ಲಿ ಬಾಗಿಲಲ್ಲಿ ನೆರಳು ಬಿತ್ತು. ಅತ್ತಿಗೆ. ಕೈಯಲ್ಲಿ ಡಬ್ಬಿ. ತೊಳೆದು ಹೋದ ಆ ದಿನದ ನಂತರ ಈ ಹೊಸ್ತಿಲು ತುಳಿದದ್ದು ಇದೇ ಮೊದಲು. ಅಣ್ಣ ಗ್ರೀಸ್ ಕೈಯಲ್ಲೇ ಎದ್ದು ನಿಂತ.

ಅತ್ತಿಗೆ ಡಬ್ಬಿಯನ್ನು ಮೇಜಿನ ಮೇಲಿಟ್ಟರು. ಅಣ್ಣನ ಮುಖ ನೋಡಿದರು.

"ಬಿಸಿ ಇದೆ. ಊಟ ಮಾಡಿ," ಎಂದರು.

ಗೋಡೆಗೆ ಒರಗಿ ಕದ್ದು ಕೇಳುತ್ತಿದ್ದ ದನಿ ಅದು. ಅವನು ಅದಕ್ಕಾಗಿ ಹಾತೊರೆದದ್ದು ನನಗೆ ಗೊತ್ತು. ಆದರೆ ಅವನ ಮುಖದಲ್ಲಿ ಸಂತೋಷ ಬರಲಿಲ್ಲ. ರಕ್ತ ಇಳಿದು ಹೋಯಿತು. ಸಿಟ್ಟು ಇರುವ ತನಕ ಅವಳಿಗೆ ವಿಷಯ ಗೊತ್ತಿಲ್ಲ ಎಂದೇ ಅವನು ಇಷ್ಟು ವರ್ಷ ನೆಮ್ಮದಿಯಾಗಿದ್ದ. ಈಗ ಈ ಮೆತ್ತಗಿನ ಮಾತು ಬಂದರೆ ಅದಕ್ಕೆ ಒಂದೇ ಅರ್ಥ.

"ಯಾರು ಹೇಳಿದ್ರು?" ಎಂದ.

"ಏನನ್ನ? ಯಾರೂ ಏನೂ ಹೇಳಿಲ್ಲ. ಆರೋಗುತ್ತೆ, ಊಟ ಮಾಡಿ."

"ನೋಡು, ಅದನ್ನ ನೆಟ್ಟಗೆ ಇಟ್ಟಿದ್ದು ನಾನೇ. ಜ್ವರದ ತಲೆ, ಏನೋ ಮಾಡಿ ಇಟ್ಟುಬಿಟ್ಟೆ. ನೀನು ಒರೆಸೋಕೆ ಬಂದಾಗ ಅದು ಮೊದಲ್ನಿಂದ್ಲೂ ನೆಟ್ಟಗೇ ಇತ್ತು. ಇವನ್ನ ಬೇಕಾದ್ರೆ ಕೇಳು. ಕೇಳು ಇವನ್ನ," ಎಂದು ಗ್ರೀಸ್ ಕೈ ನನ್ನತ್ತ ಚಾಚಿದ. ಇಂಥ ದಿನಕ್ಕೆಂದು ಇಷ್ಟು ವರ್ಷ ಮನಸ್ಸಿನಲ್ಲೇ ಪಳಗಿಸಿಟ್ಟಿದ್ದ ಇನ್ನೊಂದು ಸುಳ್ಳು, ಅದನ್ನು ಅವನು ಯಾರೂ ಕೇಳುವ ಮೊದಲೇ ಒಪ್ಪಿಸಿಬಿಟ್ಟ.

ಅತ್ತಿಗೆ ಮೇಲಿನ ಹಲಗೆಯ ಕಡೆ ನೋಡಿದರು.

"ಮೂರಿದ್ವು," ಎಂದರು. "ಆ ಮೂಲೇಲಿ. ಬೋಲ್ಟು ಚುಚ್ಚಿ ಹಲಗೆಯೆಲ್ಲ ಗೀರಾಗಿತ್ತು. ಬಿಳೀ ಪುಡಿ ಅಂಟಿತ್ತು, ಒದ್ದೆ ಬಟ್ಟೇಲಿ ಉಜ್ಜಿ ಉಜ್ಜಿ ತೆಗ್ದೆ. ನೀವು ಎದ್ದು ಬರೋ ಹೊತ್ತಿಗೆ ದೂಳು ಇರಬಾರ್ದು ಅಂತ."

ನನಗೆ ಅಲ್ಲಿ ನಿಲ್ಲಲಾಗಲಿಲ್ಲ. ಹೊರಗೆ ಬಂದು ಚಕ್ರಗಳ ರಾಶಿಯ ಪಕ್ಕ ಬಿಸಿಲಿನಲ್ಲಿ ಕೂತೆ. ಒಳಗೆ ಡಬ್ಬಿಯ ಮುಚ್ಚಳ ತೆಗೆದ ಸದ್ದು ಕೇಳಲಿಲ್ಲ. ಆಮೇಲೆ ಅಣ್ಣನ ದನಿ ಬಂತು, ಒಡೆದ ದನಿ.

"ಅಂಗಡಿ ಅವತ್ತು ತುಂಬ ಚೊಕ್ಕಟ ಆಗಿತ್ತು ಕಣೇ," ಎಂದ. "ನಿನಗೆ ಹೇಳೋಕೇ ಆಗ್ಲಿಲ್ಲ."

ಅತ್ತಿಗೆ ಆಗ ಅತ್ತರು. ಬಾಬಿನ್ ಹೋದ ದಿನ ಕಿರುಚದೆ ಉಳಿಸಿಕೊಂಡದ್ದೆಲ್ಲ ಆಗ ಹೊರಗೆ ಬಂತು. ಬೀದಿಯವರು ಬಾಗಿಲಿಗೆ ಬಂದು ಇಣುಕಿದರು. ನಾನು ಎದ್ದು ಎಲ್ಲರಿಗೂ ಬೈದು ಕಳಿಸಿ, ಅಂಗಡಿಯ ಶಟರು ಅರ್ಧ ಎಳೆದೆ.